‘ಸ್ಪಾರ್ಸ್ಲಿ’ ಅಂದರೆ ‘ವಿರಳವಾಗಿ’ ಅಂತ ನಿಘಂಟಿನಲ್ಲಿದೆ. ಹಾಗಾದರೆ ‘ಐ ಸ್ಪಾರ್ಸ್ಲಿ ಗೋ ಟು ದ ಜಿಮ್’ ಸರೀನಾ?

ಸರಿಯಲ್ಲ. ಆದರೆ ತಪ್ಪು ನಿಮ್ಮದಲ್ಲ, ನಮ್ಮ ‘ವಿರಳ’ದ್ದು. ಕನ್ನಡದಲ್ಲಿ ಅದು ಎರಡು ಕೆಲಸ ಮಾಡುತ್ತದೆ. ‘ಅವರು ಬರುವುದು ವಿರಳ’ ಅಂದರೆ ಅಪರೂಪಕ್ಕೆ ಬರುತ್ತಾರೆ. ‘ಇಲ್ಲಿ ಮರಗಳು ವಿರಳ’ ಅಂದರೆ ಅಲ್ಲೊಂದು ಇಲ್ಲೊಂದು ಇವೆ. ಮೊದಲನೆಯದು ಕಾಲದ ಮಾತು, ಅದಕ್ಕೆ ಇಂಗ್ಲಿಷಿನಲ್ಲಿ ‘ರೇರ್ಲಿ’ ಇದೆ. ಎರಡನೆಯದು ಜಾಗದ ಮಾತು. ‘ಸ್ಪಾರ್ಸ್ಲಿ’ ಬರುವುದು ಅಲ್ಲಿ.

ನಾನೂ ಎಡವಿದ್ದೇನೆ. ಮೊದಲ ಕೆಲಸದಲ್ಲಿ, ಸಾಫ್ಟ್‌ವೇರ್‌ನ ಒಂದು ದೋಷ ‘ಸ್ಪಾರ್ಸ್ಲಿ’ ಕಾಣಿಸುತ್ತದೆ ಅಂತ ಮೇಲ್ ಬರೆದಿದ್ದೆ. ಯಾವಾಗಲೋ ಒಮ್ಮೆ ಅನ್ನುವುದು ನನ್ನ ಅರ್ಥ. ಮ್ಯಾನೇಜರ್ ‘ಯಾವ ಯಾವ ಪೇಜಿನಲ್ಲಿ?’ ಅಂತ ಕೇಳಿದರು!

ಪದದ ಮೂಲ ಲ್ಯಾಟಿನ್ನಿನ ‘ಸ್ಪಾರ್ಗೆರೆ’, ಅಂದರೆ ಚೆಲ್ಲು, ಎರಚು. ‘ಡಿಸ್ಪರ್ಸ್’ ಕೂಡ ಅದೇ ಬೇರಿನದು. ರಾಗಿ ಚೆಲ್ಲಿದ ಹೊಲವನ್ನು ನೆನೆಸಿಕೊಳ್ಳಿ. ಒಂದು ಕಡೆ ಪೈರು ಒತ್ತಾಗಿ ಬಂದಿರುತ್ತದೆ, ಅದು ‘ಡೆನ್ಸ್ಲಿ’. ಇನ್ನೊಂದು ಕಡೆ ತೆಳ್ಳಗೆ, ನಡುನಡುವೆ ಮಣ್ಣು ಕಾಣುತ್ತದೆ. ಅದೇ ‘ಸ್ಪಾರ್ಸ್ಲಿ’. ನನ್ನ ನೆತ್ತಿಯ ಕೂದಲಿಗೂ ಈಗ ಇದೇ ಪದ ಸಾಕು.

ಜಾಸ್ತಿ ಕಾಣುವುದು ‘ಸ್ಪಾರ್ಸ್ಲಿ ಪಾಪ್ಯುಲೇಟೆಡ್’ ಅನ್ನುವ ಜೋಡಿ. 2011ರ ಜನಗಣತಿಯಲ್ಲಿ ಅರುಣಾಚಲ ಪ್ರದೇಶದಲ್ಲಿ ಚದರ ಕಿಲೋಮೀಟರಿಗೆ ಬರೀ 17 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಹೆಚ್ಚು. ಮೊದಲನೆಯದಕ್ಕೆ ಈ ಮಾತು ಸರಿಯಾಗಿ ಹೊಂದುತ್ತದೆ. ಒಂದು ಚಾಪೆ, ಒಂದು ಕುರ್ಚಿ ಬಿಟ್ಟರೆ ಏನೂ ಇಲ್ಲದ ಬ್ಯಾಚುಲರ್ ರೂಮು ‘ಸ್ಪಾರ್ಸ್ಲಿ ಫರ್ನಿಶ್ಡ್’. ನೂರು ಕುರ್ಚಿ ಹಾಕಿ ಹತ್ತು ಜನ ಬಂದ ಸಭೆ ‘ಸ್ಪಾರ್ಸ್ಲಿ ಅಟೆಂಡೆಡ್’. ಗಮನಿಸಿದಿರಾ? ಮೂರರಲ್ಲೂ ಅದರ ಬೆನ್ನಿಗೇ ‘ಎಡ್’ ತರಹದ ರೂಪ ಬಂದಿದೆ. ಹೋಗು, ಬಾ, ತಿನ್ನು ಅನ್ನುವಂಥ ಕ್ರಿಯಾಪದದ ಜೊತೆ ಇದು ಸಾಮಾನ್ಯವಾಗಿ ಒಗ್ಗುವುದಿಲ್ಲ.

‘ಸ್ಪೇರಿಂಗ್ಲಿ’ ಬೇರೆಯೇ ಪದ, ಕೈ ಹಿಡಿದು ಬಳಸುವುದು ಅಂತ ಅರ್ಥ. ಮುಲಾಮಿನ ಟ್ಯೂಬಿನ ಮೇಲೆ ‘ಅಪ್ಲೈ ಸ್ಪೇರಿಂಗ್ಲಿ’ ಅಂತಿದ್ದರೆ ಸ್ವಲ್ಪವೇ ಹಚ್ಚಿ ಅಂತ. ಅಲ್ಲಲ್ಲಿ ಚುಕ್ಕೆ ಇಡಿ ಅಂತಲ್ಲ.

ನಿಮ್ಮ ವಾಕ್ಯಕ್ಕೆ ‘ಐ ರೇರ್ಲಿ ಗೋ ಟು ದ ಜಿಮ್’ ಅನ್ನಿ.