"ತಾತನ ರಕ್ತ ಮೇಡಂ": ಅವಳಿಗಳಲ್ಲಿ ಒಬ್ಬ ಮಾತ್ರ ಹೊಡೆಯುತ್ತಾನೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಯುಕೆಜಿ ಓದುವ ಅವಳಿ ಗಂಡುಮಕ್ಕಳು. ನೋಡಲು ಪಡಿಯಚ್ಚು. ಮನೆಯಲ್ಲಿ ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು, ಅಂತರ ಬರೀ ನಾಲ್ಕು ನಿಮಿಷ. ಚಿಕ್ಕವನು ಹೊಡೆಯುತ್ತಾನೆ, ಕಚ್ಚುತ್ತಾನೆ, ಶಾಲೆಯ ವ್ಯಾನಿನಲ್ಲಿ ಪಕ್ಕದ ಹುಡುಗಿಯ ಟಿಫಿನ್ ಬಾಕ್ಸ್ ಕಿತ್ತು ಕಿಟಕಿಯಿಂದ ಎಸೆದಿದ್ದಾನೆ. ಅವನ ಡೈರಿ ತುಂಬ ಕೆಂಪು ಇಂಕಿನ ದೂರು. ದೊಡ್ಡವನ ಡೈರಿಯಲ್ಲಿ ಒಂದೂ ಇಲ್ಲ.

ಸಲಹೆಗೆಂದು ನನ್ನ ಹತ್ತಿರ ಬಂದ ಅಮ್ಮ ಕೂತ ಕೂಡಲೇ ಹೇಳಿದ್ದು, "ಇವನದು ತಾತನ ರಕ್ತ ಮೇಡಂ. ನಮ್ಮ ಮಾವನೂ ಹಿಂಗೇ, ಕೈ ಮುಂದು. ಅತ್ತೆ ಆವಾಗ್ಲೇ ಹೇಳಿದ್ರು. ಇದಕ್ಕೆ ಏನೂ ಮಾಡೋಕಾಗಲ್ಲ ಅಲ್ವಾ?"

ದೊಡ್ಡವನಿಗೂ ಅದೇ ತಾತ ತಾನೇ ಎಂದು ಕೇಳಿದೆ. "ಅವನು ನಮ್ಮಪ್ಪನ ಥರ" ಎಂದರು!

ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ತರಿಸಿದೆ. ಮಾನೋಕೊರಿಯಾನಿಕ್ ಎಂದು ಬರೆದಿತ್ತು. ಅಂದರೆ ಗರ್ಭದಲ್ಲಿ ಇಬ್ಬರಿಗೂ ಹೊರಪೊರೆ ಒಂದೇ. ಹಾಗಿದ್ದರೆ ಹೆಚ್ಚೂಕಮ್ಮಿ ಖಚಿತವಾಗಿ ಒಂದೇ ಮೊಟ್ಟೆ ಒಡೆದು ಆದ ಇಬ್ಬರು. ತಾತನಿಂದ ಏನು ಬಂದಿದೆಯೋ ಅದು ಇಬ್ಬರಿಗೂ ಒಂದೇ ಸಮ ಬಂದಿದೆ.

ಹಾಗಂತ ರಕ್ತದ ಮಾತು ಪೂರ್ತಿ ಸುಳ್ಳೂ ಅಲ್ಲ. ಒಂದೇ ಮೊಟ್ಟೆಯ ಅವಳಿಗಳು ಸಿಟ್ಟು, ಹೊಡೆದಾಟದಲ್ಲಿ ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ, ಎರಡು ಮೊಟ್ಟೆಯ ಅವಳಿಗಳು ಎಷ್ಟು ಹೋಲುತ್ತಾರೆ ಎಂದು ತಾಳೆ ನೋಡುವುದು ಈ ಸಂಶೋಧನೆಯ ದಾರಿ. 2002ರಲ್ಲಿ ರೀ ಮತ್ತು ವಾಲ್ಡ್‌ಮನ್ ಎಂಬ ಇಬ್ಬರು ಇಂಥ 51 ಅವಳಿ ಮತ್ತು ದತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸಮಾಜಕ್ಕೆ ಒಗ್ಗದ ನಡವಳಿಕೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಶೇ. 41ರಷ್ಟು ಜೀನ್‌ಗಳದ್ದು, ಶೇ. 16ರಷ್ಟು ಒಂದೇ ಮನೆಯಲ್ಲಿ ಇಬ್ಬರಿಗೂ ಸಮಾನವಾಗಿ ಸಿಗುವ ವಾತಾವರಣದ್ದು, ಉಳಿದ ಶೇ. 43 ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಿಗುವ ಅನುಭವಗಳದ್ದು. (ಅಳತೆಯ ತಪ್ಪೂ ಇದರಲ್ಲೇ ಸೇರಿರುತ್ತದೆ.) ಇದು ಸಾವಿರಾರು ಜನರ ಲೆಕ್ಕ. ಈ ಹುಡುಗ ಕೊಟ್ಟ ಒಂದು ಏಟಿನಲ್ಲಿ ಜೀನ್ ಎಷ್ಟು, ಮನೆ ಎಷ್ಟು ಎಂದು ಯಾರೂ ಪಾಲು ಮಾಡಿ ಹೇಳೋಕಾಗಲ್ಲ.

ನನಗೆ ಬೇಕಿದ್ದದ್ದು ಆ ಬೇರೆ ಬೇರೆಯಾಗಿ ಸಿಕ್ಕಿದ್ದು ಏನು ಅನ್ನುವುದು. 1994-95ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಅವಳಿಗಳ ಮೇಲೆ ಇ-ರಿಸ್ಕ್ ಎಂಬ ಅಧ್ಯಯನ ನಡೆಯುತ್ತಿದೆ. ಅಲ್ಲಿ ತಾಯಂದಿರನ್ನು ಕೂರಿಸಿ ಒಂದೊಂದು ಮಗುವಿನ ಬಗ್ಗೆ ಐದು ನಿಮಿಷ ಮಾತಾಡಿ ಎಂದು ಕೇಳಿ ರೆಕಾರ್ಡ್ ಮಾಡಿಕೊಂಡರು. ಪಡಿಯಚ್ಚು ಅವಳಿಗಳಲ್ಲೂ ಯಾವ ಮಗುವಿನ ಬಗ್ಗೆ ತಾಯಿಯ ಮಾತಿನಲ್ಲಿ ಬೇಸರ ಜಾಸ್ತಿ, ಅಕ್ಕರೆ ಕಮ್ಮಿ ಇತ್ತೋ, ಆ ಮಗುವಿನಲ್ಲೇ ಮುಂದೆ ತೊಂದರೆಯ ನಡವಳಿಕೆ ಹೆಚ್ಚು ಕಂಡಿತು. ಐದನೇ ವಯಸ್ಸಿನಲ್ಲಿ ಮಗು ಆಗಲೇ ಎಷ್ಟು ತಂಟೆ ಮಾಡುತ್ತಿತ್ತು ಅನ್ನುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹೀಗೇ.

ಈ ಅಮ್ಮನಿಗೂ ಅದನ್ನೇ ಮಾಡಿಸಿದೆ. ದೊಡ್ಡವನ ಬಗ್ಗೆ ಶುರು ಮಾಡಿದರೆ ಮುಗಿಯಲಿಲ್ಲ: ಅಮ್ಮಾ ಕಾಲು ನೋಯ್ತಾ ಅಂತ ಕೇಳ್ತಾನೆ, ಚಪಾತಿ ಲಟ್ಟಿಸುವಾಗ ಪಕ್ಕದಲ್ಲಿ ಕೂತು ಸಣ್ಣ ಉಂಡೆ ಮಾಡ್ತಾನೆ. ಚಿಕ್ಕವನ ಸರದಿ ಬಂದಾಗ, "ಅವನು... ಬೆಳಿಗ್ಗೆ ಎದ್ದಾಗಿಂದ ಗಲಾಟೆ ಮೇಡಂ. ರೌಡಿ." ಆಮೇಲೆ ಸುಮ್ಮನಾದರು. ಆಮೇಲೆ ಅತ್ತರು.

ಬಾಣಂತನ ಮುಗಿದ ಮೇಲೆ ಇಬ್ಬರನ್ನೂ ಸಂಭಾಳಿಸಲಾಗದೆ ಚಿಕ್ಕವನನ್ನು ತವರಿನಲ್ಲೇ ಅಜ್ಜಿ ಹತ್ತಿರ ಬಿಟ್ಟಿದ್ದರಂತೆ. ಎಲ್‌ಕೆಜಿಗೆ ಸೇರಿಸುವ ಹೊತ್ತಿಗೆ ಕರೆಸಿಕೊಂಡರು. ಅವನಿಗೆ ಈ ಮನೆಯೇ ಹೊಸದು. ಎಲ್ಲಕ್ಕೂ ಇದೇ ಕಾರಣ ಅಂತ ನಾನು ಹೇಳಲ್ಲ. ತಂಟೆ ಮಾಡುವ ಮಗುವಿನ ಮೇಲೆ ಅಮ್ಮನ ದನಿ ತಾನಾಗಿಯೇ ಏರುತ್ತದೆ, ಏರಿದ ದನಿ ತಂಟೆಯನ್ನು ಹೆಚ್ಚಿಸುತ್ತದೆ. ಯಾವುದು ಮೊದಲು ಎಂದು ಹುಡುಕಿ ಅಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸೋದು ನನ್ನ ಕೆಲಸ ಅಲ್ಲ.

ಎರಡನೇ ಭೇಟಿಗೆ ಅಪ್ಪನೂ ಬಂದರು. ಹಾರ್ಡ್‌ವೇರ್ ಅಂಗಡಿ, ಮಾತು ಕಮ್ಮಿ. "ಎರಡು ಬಿಟ್ರೆ ಸರಿ ಹೋಗ್ತಾನೆ" ಎಂದರು. ಬಿಡುತ್ತಲೂ ಇದ್ದರು, ಕೆಲವು ಸಲ ಬೆಲ್ಟಿನಲ್ಲಿ. ಅವರಿಗೆ ಹೇಳಿದ ಮಾತನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಏಕೆಂದರೆ ರಕ್ತದ ಮಾತು ಆಡುವವರೆಲ್ಲ ಇಲ್ಲೇ ಎಡವುತ್ತಾರೆ. ಅದೇ ಇ-ರಿಸ್ಕ್ ಮಕ್ಕಳಲ್ಲಿ 2005ರಲ್ಲಿ ಜಾಫೀ ಮತ್ತು ಜೊತೆಗಾರರು ಕಂಡದ್ದು ಇದು: ಹಿಂಸೆಗೆ ಸಿಕ್ಕಿದಾಗ, ಜೀನ್‌ಗಳ ಕಡೆಯಿಂದ ಅಪಾಯ ಕಮ್ಮಿ ಇದ್ದ ಮಕ್ಕಳಲ್ಲಿ ಗಂಭೀರ ನಡವಳಿಕೆ ಸಮಸ್ಯೆಯ ಸಾಧ್ಯತೆ ಶೇ. 2ರಷ್ಟು ಏರಿತು. ಅಪಾಯ ಹೆಚ್ಚಿದ್ದವರಲ್ಲಿ ಶೇ. 24ರಷ್ಟು. "ನೋಡಿ ಸರ್, ನಿಮ್ಮ ತಂದೆಯ ಸಿಟ್ಟು ಇವನಿಗೆ ನಿಜಕ್ಕೂ ಬಂದಿದ್ದರೆ, ಬೆಲ್ಟು ಎಲ್ಲರಿಗಿಂತ ಜಾಸ್ತಿ ಕೆಲಸ ಕೆಡಿಸೋದು ಇವನಿಗೇ. ರಕ್ತ ಅಂತ ಕೈ ಚೆಲ್ಲೋಕೆ ಕಾರಣ ಇಲ್ಲ, ಎತ್ತಿದ ಕೈ ತಡೆದುಕೊಳ್ಳೋಕೆ ಕಾರಣ ಇದೆ." ಅವರು ತಲೆ ಆಡಿಸಲಿಲ್ಲ, ಆದರೆ ಬೆಲ್ಟು ನಿಂತಿದೆ.

ಕೊಟ್ಟ ಸಲಹೆ ಸರಳ. ದಿನಾ ಸ್ವಲ್ಪ ಹೊತ್ತು ಅಮ್ಮ ಚಿಕ್ಕವನೊಬ್ಬನ ಜೊತೆ ಇರಬೇಕು, ದೊಡ್ಡವನು ಅಪ್ಪನ ಜೊತೆ ಅಂಗಡಿಗೆ. ಆ ಹೊತ್ತಿನಲ್ಲಿ ಆಟ ಅವನು ಹೇಳಿದ್ದು. ಪಾಠ ಇಲ್ಲ, ಬುದ್ಧಿಮಾತು ಇಲ್ಲ. "ಅಣ್ಣನ್ನ ನೋಡಿ ಕಲಿ" ಮನೆಯಲ್ಲಿ ಬಂದ್. ರೌಡಿ ಅನ್ನೋ ಹೆಸರೂ ಬಂದ್, ತಮಾಷೆಗೂ ಬೇಡ. ಹೊಡೆದರೆ ಕೈ ಹಿಡಿದು "ಹೊಡೆಯೋ ಹಾಗಿಲ್ಲ" ಎಂದಷ್ಟೇ ಹೇಳಿ ಅಲ್ಲಿಂದ ಕರೆದುಕೊಂಡು ಹೋಗುವುದು, ಭಾಷಣ ಬೇಡ. ಹೊಡೆಯದೆ ಬಾಯಲ್ಲಿ "ಅದು ನಂದು ಕೊಡೋ" ಅಂತ ಕಿರುಚಿದರೂ ಸಾಕು, ಶಹಭಾಸ್ ಅನ್ನಿ. ಟೀಚರಿಗೆ ಚೀಟಿ ಕಳಿಸಿದೆ: ದೂರಿನ ಜೊತೆ ಅವನು ಚೆನ್ನಾಗಿದ್ದ ಒಂದು ಗಳಿಗೆಯನ್ನೂ ಬರೆಯಿರಿ. ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ಯಾರಿಗಾದರೂ ದೊಡ್ಡ ಗಾಯ ಮಾಡುವುದು ಕಂಡರೆ ಕಾಯದೆ ಮಕ್ಕಳ ಮನೋವೈದ್ಯರಿಗೆ ತೋರಿಸಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗ ಇದೆ ಎಂದೂ ತಿಳಿಸಿದೆ. ಸದ್ಯಕ್ಕೆ ಅಂಥದ್ದೇನೂ ಇಲ್ಲ.

ಮನೆಯಲ್ಲಿ ಏಟು, ಕಚ್ಚು ಕಮ್ಮಿಯಾಗಿದೆ. ವ್ಯಾನಿನಲ್ಲಿ ಆಗಿಲ್ಲ, ಅಲ್ಲಿ ನೋಡಿಕೊಳ್ಳಲು ದೊಡ್ಡವರು ಡ್ರೈವರ್ ಒಬ್ಬರೇ. ಮುಂದಿನ ಸೀಟಿನಲ್ಲಿ ಕೂರಿಸಲು ಹೇಳಿದ್ದೇವೆ. ಅತ್ತೆ ಇನ್ನೂ ತಾತನ ರಕ್ತದಲ್ಲೇ ಇದ್ದಾರೆ, ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.