ಜೀವಕೋಶದ ಸಾವಿನ ಮೇಲೆ ಪಿಎಚ್‌ಡಿ: ಬೆಂಗಳೂರಾ, ಹೊರದೇಶವಾ?

ಎಂಎಸ್ಸಿ ಮುಗಿಯುತ್ತಿದೆ, ಜೀವಕೋಶದ ಸಾವು ಮತ್ತು ಇಮ್ಯುನಿಟಿ ಮೇಲೆ ಪಿಎಚ್‌ಡಿ ಮಾಡಬೇಕು, ಇಲ್ಲೇ ಇರಲಾ, ಹೊರಗೆ ಹೋಗಲಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕಾಚಾರದಲ್ಲಿ ತಿಂಗಳುಗಟ್ಟಲೆ ಕಳೆದು, ಕೊನೆಗೆ ಬೆಂಗಳೂರಲ್ಲೇ ಸೇರಿದೆ. ಆದರೆ ನನಗೆ ಪೆಟ್ಟು ಬಿದ್ದದ್ದು ಊರಿನಿಂದಲ್ಲ, ಮಾಡದೇ ಬಿಟ್ಟ ಒಂದು ಕಂಟ್ರೋಲ್‌ನಿಂದ, ಅಂದರೆ ಫಲಿತಾಂಶಕ್ಕೆ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸುವ ಹೋಲಿಕೆಯ ಪ್ರಯೋಗದಿಂದ.

ರೋಗ ತರುವ ಒಂದು ಬ್ಯಾಕ್ಟೀರಿಯಾದ ಪ್ರೋಟೀನನ್ನು ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಶುದ್ಧ ಮಾಡಿ, ಇಲಿಯ ಮ್ಯಾಕ್ರೋಫೇಜ್‌ಗಳಿಗೆ (ರೋಗಾಣು ನುಂಗುವ ರಕ್ಷಣಾ ಕೋಶಗಳಿಗೆ) ಹಾಕುತ್ತಿದ್ದೆ. ಆಮೇಲೆ ಎಟಿಪಿ ಎಂಬ ಅಣುವನ್ನು (ಹೊರಗಿನಿಂದ ಬಂದರೆ ಅದು ಕೋಶಕ್ಕೆ ಅಪಾಯದ ಸೂಚನೆ) ಕೊಟ್ಟರೆ ಕೋಶಗಳು ಸಾಯುತ್ತಿದ್ದವು. ಅದು ಅಪೊಪ್ಟೋಸಿಸ್ ಅಲ್ಲ. ಅಪೊಪ್ಟೋಸಿಸ್ ಆದರೆ ಕೋಶ ಕುಗ್ಗಿ ಚೂರಾಗುತ್ತದೆ, ಆ ಚೂರುಗಳನ್ನು ಅಕ್ಕಪಕ್ಕದವು ನುಂಗಿಬಿಡುತ್ತವೆ, ಗಲಾಟೆ ಇರುವುದಿಲ್ಲ. ಇಲ್ಲಿ ಮೈಕ್ರೋಸ್ಕೋಪಿನಡಿ ಕೋಶ ಗುಳ್ಳೆಯಂತೆ ಉಬ್ಬುತ್ತಿತ್ತು. ಒಳಗೆ ದುಂಡನೆಯ ನ್ಯೂಕ್ಲಿಯಸ್ ಮಾತ್ರ ಎದ್ದು ಕಾಣುತ್ತಿತ್ತು. ಇದೇ ಪೈರೊಪ್ಟೋಸಿಸ್. ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನು ಪೊರೆಯಲ್ಲಿ ತೂತು ಕೊರೆಯುತ್ತದೆ, ಅಲ್ಲಿಂದ ಉರಿಯೂತದ ಸಂಕೇತವಾದ ಐಎಲ್-1 ಬೀಟಾ ಹೊರಬಂದು ಉರಿಯೂತ ಶುರುವಾಗುತ್ತದೆ. 2015ರಲ್ಲಿ ಬೀಜಿಂಗ್‌ನ ಫೆಂಗ್ ಶಾವ್ ತಂಡ, ಅಮೆರಿಕದ ವಿಶ್ವ ದೀಕ್ಷಿತ್ ತಂಡ ಈ ಸಾವಿಗೆ ಗ್ಯಾಸ್ಡರ್ಮಿನ್ ಡಿ ಬೇಕೇ ಬೇಕು ಎಂದು ಬೇರೆ ಬೇರೆಯಾಗಿ ತೋರಿಸಿದ್ದವು. ನನ್ನ ಪ್ರೋಟೀನೇ ಈ ಸಾವಿಗೆ ಕೋಶವನ್ನು ಸಜ್ಜು ಮಾಡುತ್ತದೆ ಎಂದು ಪೇಪರ್ ಬರೆಯಲು ಕೂತೆ.

ವಾರ್ಷಿಕ ಕಮಿಟಿಯಲ್ಲಿ ಒಬ್ಬರು ಮೇಡಂ ಕೇಳಿದರು: "ಪ್ರೋಟೀನನ್ನು ಕುದಿಸಿ ಹಾಕಿದ್ದೀರಾ?"

ಹಾಕಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಇ. ಕೋಲಿಯ ಹೊರಪೊರೆಯಲ್ಲಿ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ಅಣು (ಎಂಡೋಟಾಕ್ಸಿನ್ ಎಂದರೂ ಇದೇ) ಇರುತ್ತದೆ. ಪ್ರೋಟೀನ್ ಶುದ್ಧ ಮಾಡುವಾಗ ಅದೂ ಅಂಟಿಕೊಂಡು ಬರುತ್ತದೆ. ಪ್ರೋಟೀನ್‌ಗಳನ್ನು ಬೇರ್ಪಡಿಸಿ ತೋರಿಸುವ ನನ್ನ ಜೆಲ್‌ನಲ್ಲಿ ಒಂದೇ ಬ್ಯಾಂಡ್ ಇತ್ತು, ಅದನ್ನೇ ನಂಬಿದೆ. ಆದರೆ ಜೆಲ್‌ಗೆ ಹಾಕುವ ಕೂಮಾಸಿ ಬಣ್ಣಕ್ಕೆ ಎಲ್‌ಪಿಎಸ್ ಸಿಗುವುದೇ ಇಲ್ಲ. ಫಿಲ್ಟರ್ ಅದನ್ನು ತಡೆಯುವುದಿಲ್ಲ. ಆಟೊಕ್ಲೇವ್ ಮಾಡಿದರೂ ಹೋಗುವುದಿಲ್ಲ. ಗಾಜಿನ ಸಾಮಾನಿನಿಂದ ಅದನ್ನು ತೆಗೆಯಬೇಕಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಮ್ಯಾಕ್ರೋಫೇಜ್‌ಗೋ, ಒಂದು ಮಿಲಿಲೀಟರ್‌ಗೆ ಒಂದು ನ್ಯಾನೋಗ್ರಾಂ ಇದ್ದರೂ ಸಾಕು, ಎಚ್ಚೆತ್ತುಕೊಳ್ಳುತ್ತದೆ. ಎಲ್‌ಪಿಎಸ್ ಆದ ಮೇಲೆ ಎಟಿಪಿ ಕೊಟ್ಟರೆ ಪೈರೊಪ್ಟೋಸಿಸ್ ಆಗುತ್ತದೆ ಎನ್ನುವುದು ಪಠ್ಯಪುಸ್ತಕದಲ್ಲೇ ಇದೆ.

ಕುದಿಸಿದರೆ ಪ್ರೋಟೀನು ಕೆಡುತ್ತದೆ, ಎಲ್‌ಪಿಎಸ್ ಕೆಡುವುದಿಲ್ಲ. ಕುದಿಸಿ ಹಾಕಿ, ಮ್ಯಾಕ್ರೋಫೇಜ್ ಎಚ್ಚೆತ್ತಾಗ ಬಿಡುವ ಟಿಎನ್‌ಎಫ್ ಅಳೆಯಲು ಎಲೈಸಾ (ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಇಟ್ಟೆ. ಕೊನೆಗೆ ಆಸಿಡ್ ಹಾಕಿದಾಗ ಕುದಿಸಿದ ಸಾಲೂ ಕುದಿಸದ ಸಾಲಿನಷ್ಟೇ ಹಳದಿಯಾಯಿತು. ಎಲ್‌ಪಿಎಸ್ ಹಿಡಿದುಕೊಳ್ಳುವ ಪಾಲಿಮಿಕ್ಸಿನ್ ಬಿ ಸೇರಿಸಿದ ಸಾಲಿನಲ್ಲಿ ಬಣ್ಣವೇ ಇಲ್ಲ. ಥೀಸಿಸ್‌ನ ಒಂದಿಡೀ ಅಧ್ಯಾಯ ಅಲ್ಲಿಗೆ ಹೋಯಿತು. ಫೆಲೋಶಿಪ್ ಮುಗಿದ ಮೇಲೂ ಮನೆಯಿಂದ ದುಡ್ಡು ತರಿಸಿಕೊಂಡು ಕೆಲಸ ಮಾಡಬೇಕಾಯಿತು.

ಹೊರದೇಶದಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತೀರಾ? ನಾನು ಒಪ್ಪುವುದಿಲ್ಲ. 1995ರಲ್ಲಿ ಕ್ಯಾಸ್ಪೇಸ್-1 (ಉರಿಯೂತ ಹೊತ್ತಿಸುವ ಒಂದು ಕಿಣ್ವ) ಇಲ್ಲದ ಇಲಿಗಳು ಬಂದವು. ದೊಡ್ಡ ದೊಡ್ಡ ಲ್ಯಾಬ್‌ಗಳೆಲ್ಲ ಅವನ್ನು ಬಳಸಿದವು. ಅವುಗಳಲ್ಲಿ ಕ್ಯಾಸ್ಪೇಸ್-11 ಕೂಡ ಕೆಟ್ಟಿದೆ ಎಂದು ದೀಕ್ಷಿತ್ ತಂಡ ತೋರಿಸಿದ್ದು 2011ರಲ್ಲಿ. ಆ ಇಲಿಗಳನ್ನು ಮಾಡಲು ಬಳಸಿದ 129 ತಳಿಯಲ್ಲೇ ಆ ದೋಷವಿತ್ತು. ಎರಡು ಜೀನ್‌ಗಳೂ ಒತ್ತಿಕೊಂಡೇ ಇರುವುದರಿಂದ ಎಷ್ಟು ಕ್ರಾಸ್ ಮಾಡಿದರೂ ಬೇರೆಯಾಗಲಿಲ್ಲ, ಯಾವ ಪರಿಣಾಮ ಯಾವುದರದ್ದು ಎಂದು ದೊಡ್ಡ ಲ್ಯಾಬ್‌ಗಳಿಗೂ ತಿಳಿಯಲಿಲ್ಲ. ಇನ್ನೊಂದು ವಿಷಯ: ಕೋಶದೊಳಗೆ ನುಗ್ಗಿದ ಎಲ್‌ಪಿಎಸ್ ಅನ್ನು ನೇರವಾಗಿ ಹಿಡಿಯುವುದು ಇದೇ ಕ್ಯಾಸ್ಪೇಸ್-11. ನನ್ನ ಕೆಲಸ ಕೆಡಿಸಿದ ಎಲ್‌ಪಿಎಸ್ ಮೇಲೇ ನನಗೆ ಪ್ರೀತಿ ಹುಟ್ಟಿದ್ದು ಹೀಗೆ. ಈಗ ನಾನು ಕೆಲಸ ಮಾಡುವುದೂ ಅದರ ಮೇಲೇ.

ಹಾಗಾಗಿ ದೇಶದ ಪ್ರಶ್ನೆ ಬಿಡಿ. ಲ್ಯಾಬ್ ನೋಡಲು ಹೋದಾಗ ಗೈಡ್ ಜೊತೆ ಕಡಿಮೆ, ಸೀನಿಯರ್‌ಗಳ ಜೊತೆ ಜಾಸ್ತಿ ಮಾತಾಡಿ. ಪ್ರೋಟೀನಿನ ಎಂಡೋಟಾಕ್ಸಿನ್ ಯಾವಾಗ ಅಳೆದಿರಿ, ನಾಕೌಟ್ (ಒಂದು ಜೀನ್ ತೆಗೆದ) ಇಲಿಗೆ ಹೋಲಿಸಲು ಅದೇ ಸೂಲಿನ ಇಲಿ ಬಳಸುತ್ತೀರಾ, ಲ್ಯಾಬ್ ಮೀಟಿಂಗ್‌ನಲ್ಲಿ ಕಂಟ್ರೋಲ್ ಎಲ್ಲಿ ಅಂತ ಯಾರಾದರೂ ಜಗಳ ಮಾಡುತ್ತಾರಾ ಅಂತ ಕೇಳಿ. ಉತ್ತರ ತಡವರಿಸಿದರೆ, ಆ ಲ್ಯಾಬ್ ಬಾಸ್ಟನ್‌ನಲ್ಲಿದ್ದರೂ ಸೇರಬೇಡಿ. ಜೆಆರ್‌ಎಫ್ (ಪಿಎಚ್‌ಡಿಗೆ ಸರ್ಕಾರ ಕೊಡುವ ಫೆಲೋಶಿಪ್) ಪರೀಕ್ಷೆ ಮಾತ್ರ ಬರೆದುಬಿಡಿ. ಇಲ್ಲೇ ಉಳಿಯುವುದಾದರೆ ಲ್ಯಾಬ್ ಆರಿಸುವ ಧೈರ್ಯ ಬರುವುದು ಆ ದುಡ್ಡಿನಿಂದ.