ಹೃದಯ ಬಲಗಡೆ ಇದ್ದವರಿಗೆ ಹಾರ್ಟ್ ಅಟ್ಯಾಕ್ ಆದರೆ?

ಪ್ರಶ್ನೆ: ಅಣ್ಣನಿಗೆ 52 ವರ್ಷ. ಹುಟ್ಟಿನಿಂದಲೇ ಹೃದಯ ಬಲಗಡೆ, ಲಿವರ್ ಎಡಗಡೆ ಇದೆ. ಬಿಪಿ, ಶುಗರ್ ಎರಡೂ ಇವೆ. ತೋಟದಲ್ಲಿರುವಾಗ ಎದೆನೋವು ಬಂದರೆ ನೇರ ಮೈಸೂರಿಗೇ ಹೋಗಬೇಕೆ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಬೇಡ. 108ಕ್ಕೆ ಫೋನ್ ಮಾಡಿ, ಇಸಿಜಿ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗುವ ಹತ್ತಿರದ ಆಸ್ಪತ್ರೆಗೆ ಹೋಗಿ. ಅದು ಎಲ್ಲಿದೆಯೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ರಕ್ತನಾಳ ಪೂರ್ತಿ ಕಟ್ಟಿದ್ದರೆ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು) ಆಗಬೇಕು. ಮಡಿಕೇರಿಯಿಂದಲೇ ಮೈಸೂರು ಸುಮಾರು 120 ಕಿ.ಮೀ.; ಮಳೆಗಾಲದಲ್ಲಿ ಮರ ಬಿದ್ದರೆ ಕೇಳುವುದೇ ಬೇಡ. ಹಾಗಾಗಿ ಮೊದಲು ಟೆನೆಕ್ಟೆಪ್ಲೇಸ್‌ನಂಥ ಇಂಜೆಕ್ಷನ್, ಆಮೇಲೆ ಪ್ರಯಾಣ. ನೋವು ಶುರುವಾದ 12 ಗಂಟೆಯೊಳಗೆ ಇದನ್ನು ಕೊಡಬಹುದು, ಆದರೆ ಮೊದಲ ಎರಡು-ಮೂರು ಗಂಟೆಯಲ್ಲಿ ಸಿಗುವ ಲಾಭವೇ ಬೇರೆ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಇತ್ತೀಚೆಗೆ ದೊಡ್ಡ ಆಪರೇಷನ್ ಆಗಿದ್ದರೆ ಮರೆಯದೆ ಹೇಳಿ.

ಈ ಇಂಜೆಕ್ಷನ್ ಕೊಡುವ ತೀರ್ಮಾನ ಇಸಿಜಿ ನೋಡಿಯೇ ಆಗುವುದು. ಅಣ್ಣನ ವಿಷಯದಲ್ಲಿ ಎಡವಟ್ಟಾಗುವುದೂ ಅಲ್ಲೇ. ಎಂದಿನಂತೆ ಎದೆಯ ಎಡಕ್ಕೆ ಲೀಡ್ (ಇಸಿಜಿ ಯಂತ್ರದ ವೈರಿನ ತುದಿ) ಹಚ್ಚಿದರೆ ಅವು ಹೃದಯದಿಂದ ದೂರ ಉಳಿಯುತ್ತವೆ, ಅಟ್ಯಾಕ್‌ನ ಗುರುತು ಕಾಣದೇ ಹೋಗಬಹುದು. ಇಸಿಜಿ ಕಾಗದದಲ್ಲಿ ಒಂದನೇ ಲೀಡ್ (ಎರಡು ಕೈಗಳ ವೈರ್‌ನಿಂದ ಬರುವ ಗೆರೆ) ತಲೆಕೆಳಗಾಗಿ ಬರುತ್ತದೆ. ನೋಡಿದವರು ಕೈಯ ವೈರ್ ಅದಲುಬದಲಾಗಿದೆ ಅಂದುಕೊಳ್ಳುತ್ತಾರೆ. ಬರೀ ವೈರ್ ತಪ್ಪಾಗಿದ್ದರೆ ಎದೆಯ ಆರು ಲೀಡ್‌ಗಳಲ್ಲಿ (ವಿ1ರಿಂದ ವಿ6) ಆರ್ ಅಲೆ, ಅಂದರೆ ಮೇಲಕ್ಕೆ ಏಳುವ ಚೂಪು ಗೆರೆ, ಎಂದಿನಂತೆ ಬೆಳೆಯುತ್ತಾ ಹೋಗುತ್ತದೆ. ಹೃದಯವೇ ಬಲಗಡೆ ಇದ್ದರೆ ವಿ1ರಿಂದ ವಿ6ರವರೆಗೆ ಕುಗ್ಗುತ್ತಾ ಬರುತ್ತದೆ. ಆದ್ದರಿಂದ ಒಳಗೆ ಕಾಲಿಡುತ್ತಿದ್ದಂತೆಯೇ "ಹೃದಯ ಬಲಗಡೆ ಇದೆ" ಎಂದು ಹೇಳಿ. ಎಡ-ಬಲ ಕೈಯ ವೈರ್ ಬದಲಿಸಿ, ವಿ1, ವಿ2 ಅದಲುಬದಲು ಮಾಡಿ, ವಿ3ರಿಂದ ವಿ6 ಅಷ್ಟೇ ಎತ್ತರದಲ್ಲಿ ಬಲಕ್ಕೆ ಹಚ್ಚಿ ಇನ್ನೊಂದು ಇಸಿಜಿ ತೆಗೆಯಬೇಕು, ಅದರ ಮೇಲೆ ಹಾಗೆಂದು ಬರೆಯಬೇಕು.

ಅಣ್ಣ ಆರೋಗ್ಯವಾಗಿರುವ ಈಗಲೇ ಎರಡೂ ಬಗೆಯ ಇಸಿಜಿ ತೆಗೆಸಿಡಿ. ಹೋಲಿಸಲು ಹಳೆಯದು ಕೈಯಲ್ಲಿದ್ದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಆ ಕಾಗದ ನೇರ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಹಾಗೇ ಇಟ್ಟರೆ ಕೆಲ ವರ್ಷಕ್ಕೆ ಅಕ್ಷರ ಮಾಸುತ್ತದೆ. ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದು ಮನೆಯವರೆಲ್ಲರ ಫೋನಿನಲ್ಲಿಡಿ.

ನೋವು ಸಾಮಾನ್ಯವಾಗಿ ಎದೆ ನಡುವೆ ಹಿಂಡಿದಂತೆ ಬಂದು ಬಲ ಭುಜ, ಬಲಗೈಗೆ ಇಳಿಯಬಹುದು. ಎಡಕ್ಕೂ ಬರಬಹುದು. ಶುಗರ್ ಇರುವವರಲ್ಲಿ ನೋವಿಲ್ಲದೆ ಬರೀ ಬೆವರು, ಉಬ್ಬಸ ಕಾಣಿಸಿದರೂ ತಡಮಾಡಬೇಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲಿ.

ಪ್ರಶ್ನೆ: ಕುಸಿದು ಬಿದ್ದರೆ ಎದೆ ಒತ್ತುವುದು ಬಲಗಡೆಯೇ? ಇಂಥವರಿಗೆ ಸ್ಟೆಂಟ್ ಹಾಕಲು ಆಗುತ್ತದೆಯೆ?
– ಅದೇ ಓದುಗರು

ಉತ್ತರ: ಒತ್ತುವುದು ಎಲ್ಲರಿಗೂ ಎದೆಮೂಳೆಯ ನಡುವೆಯೇ: ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳ. ಬದಲಾಗುವುದು ಶಾಕ್ ಕೊಡುವ ಪ್ಯಾಡ್‌ಗಳ ಜಾಗ: ಒಂದು ಎಡ ಕೊರಳೆಲುಬಿನ ಕೆಳಗೆ, ಇನ್ನೊಂದು ಬಲ ಕಂಕುಳ ಕೆಳಗೆ. ಸ್ಟೆಂಟ್ ಹಾಕಬಹುದು. ಡಾಕ್ಟರು ಕ್ಯಾಥೆಟರನ್ನು (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಎಂದಿಗಿಂತ ತಿರುಗುಮುರುಗಾಗಿ ತಿರುಗಿಸುತ್ತಾರೆ, ಪರದೆಯ ಚಿತ್ರವನ್ನೂ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಿಕೊಳ್ಳುತ್ತಾರೆ. ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು, ಅಷ್ಟೆ.